ಮೇಣದ ನೀರು

ಕಾಕಾನ ಬೆರಳುಗಳ ತುದಿ ಸದಾ ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿರುತ್ತಿತ್ತು. ದಿನವಿಡೀ ನೀರಿನಲ್ಲಿ ಆಡಿದ ಕೈ. ಉಗುರಿನ ಸಂದಿಯಲ್ಲಿ ಮಾತ್ರ ಎರೆಮಣ್ಣಿನ ಕಪ್ಪು ಗೆರೆ, ಎಷ್ಟು ತೊಳೆದರೂ ಹೋಗದ್ದು. ಕಾರು ತೊಳೆದಾದ ಮೇಲೆ ಆ ಕೈಯನ್ನು ತಿರುವಿ, ಹಿಂಭಾಗವನ್ನು ಬಾನೆಟ್ಟಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಕೂಸಿಗೆ ಜ್ವರ ಇಳಿದಿದೆಯೋ ಇಲ್ಲವೋ ಎಂದು ತಾಯಂದಿರು ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಕಾವೈತ್ರಿ ಅಕ್ಕೋರ. ಕೂಡ್ರಿ," ಅನ್ನುತ್ತಿದ್ದರು.

ನನಗೆ ಸುಮ್ಮನೆ ಕೂಡುವುದಕ್ಕೆ ಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮೂರು ಹೆಜ್ಜೆಯ ಲೆಕ್ಕವನ್ನು ಎರಡರಲ್ಲಿ ಮುಗಿಸಿದರೆ ಖುಷಿಪಡುವವಳು. "ಕಾಕಾ, ಕಾವಿದ್ರೇನಾತ್ರಿ, ಹೊಡದ ಬಿಡ್ರಿ," ಎಂದು ಗೊಣಗುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಬಾಟಲಿ ಮುಟ್ಟುತ್ತಿರಲಿಲ್ಲ.

ನವಲಗುಂದದಿಂದ ಹುಬ್ಬಳ್ಳಿಯ ಕಡೆ ಹೊರಟರೆ ಊರು ಮುಗಿಯುವ ಜಾಗದಲ್ಲಿ, ನಾಲ್ಕು ತಗಡಿನ ಕೆಳಗೆ, ಅವರ ಗಾಡಿ ತೊಳೆಯುವ ಜಾಗ. ಕಾರು, ಜೀಪು, ಟ್ರ್ಯಾಕ್ಟರು, ಎಲ್ಲ ಬರುತ್ತಿದ್ದವು. ನಮ್ಮ ಎರೆಮಣ್ಣಿನ ಗುಣ ಗೊತ್ತಿದ್ದವರಿಗೇ ಗೊತ್ತು. ಹಸಿ ಇದ್ದಾಗ ಗಾಲಿಗೆ ಹತ್ತಿ ಗಾಲಿಯನ್ನೇ ನುಂಗುತ್ತದೆ, ಒಣಗಿದರೆ ಕಲ್ಲು. ಬೇರೆಯವರು ಸಲಾಕೆ ಹಾಕಿ ಕೆರೆಯುತ್ತಾರೆ. ಕಾಕಾ ನೀರು ಬಿಟ್ಟು ನೆನೆಯಲು ಬಿಡುತ್ತಿದ್ದರು. "ಮಣ್ಣಿನ ಕೂಡ ಜಗಳ ಮಾಡಬಾರದ್ರಿ. ಅದು ತಾನ ಬಿಡತೈತಿ," ಅನ್ನುವುದು ಅವರ ಮಾತು. ಬಂದವರು ಕಾಯಬೇಕು. ಕಾಯಲಾರದವರಿಗೆ ಬಸ್ ಸ್ಟ್ಯಾಂಡಿನ ಹಾದಿ ತೋರಿಸುತ್ತಿದ್ದರು.

ತೊಳೆದ ಗಾಡಿಯನ್ನು ಒರೆಸಿ, ನೆರಳಿಗೆ ತಂದು, ಅದರ ಮೈ ತಣ್ಣಗಾದ ಮೇಲೆ ಆ ನೀಲಿ ಬಾಟಲಿ ಹೊರಗೆ ಬರುತ್ತಿತ್ತು. ಸ್ಪ್ರೇ ವ್ಯಾಕ್ಸ್. ಆ ಶಬ್ದ ಕಾಕಾನ ಬಾಯಿಗೆ ಹೊಂದಲಿಲ್ಲ. ಅವರು ಅದಕ್ಕೆ 'ಮೇಣದ ನೀರು' ಎಂದು ಹೆಸರಿಟ್ಟಿದ್ದರು, ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಒಂದು ಬಾಗಿಲಿಗೆ ಎರಡೇ ಸಲ, ಪುಸ್ ಪುಸ್. ಒಂದು ಅರಿವೆಯಿಂದ ಹಚ್ಚುವುದು, ಇನ್ನೊಂದರಿಂದ ಒರೆಸಿ ಮಿಂಚಿಸುವುದು. ಗೋಡೆಗೆ ಎರಡು ಮೊಳೆ: ಬಲಗಡೆಯದಕ್ಕೆ ಹಚ್ಚುವ ಅರಿವೆ, ಎಡಗಡೆಯದಕ್ಕೆ ಒರೆಸುವ ಅರಿವೆ. ಅದು ಅದಲುಬದಲಾದರೆ ಕಾಕಾ ಚಹಾ ಕುಡಿಯದೆ ಬೈಯುತ್ತಿದ್ದರು. ಕೈ ಸುತ್ತ ತಿರುಗಿಸುವಂತಿಲ್ಲ, ನೇರ ಹೋಗಿ ನೇರ ಬರಬೇಕು. "ನಮ್ಮ ಮನ್ಯಾಕಿ ಜಮಖಾನಿ ನೇಯತಾಳ್ರಿ. ಒಂದ ಎಳಿ ಸೊಟ್ಟ ಹೋತಂದ್ರ ಪೂರಾ ಸಾಲ ಬಿಚ್ಚತಾಳ. ನಾ ಆಕಿ ಕಡಿಂದ ಕಲ್ತೀನಿ," ಎಂದು ಹೆಂಡತಿಯ ಹೆಸರು ಹೇಳದೆ ಅಭಿಮಾನ ತೋರಿಸುತ್ತಿದ್ದರು.

ಹೊಸ ಗಾಡಿಯವರು ಯಾರಾದರೂ, "ಕಾಕಾ, ಗಾಲಿಗೂ ಒಂದೀಟ ಹೊಡೀರಿ, ಮಿಂಚಲಿ," ಎಂದರೆ ಬಾಟಲಿಯನ್ನು ಹಿಂದೆ ಬಚ್ಚಿಡುತ್ತಿದ್ದರು. "ಮಿಂಚೂದು ಮಿಂಚಲಿ, ನಿಲ್ಲೂದು ನಿಲ್ಲಲಿ." ನಾನು ಇದನ್ನು ನೂರು ಸಲ ಕೇಳಿದ್ದೆ. ಅಂಗಡಿಯವರಿಗೆ ಒಂದೊಂದು ಮಾತಿನ ಚಟ ಇರುತ್ತದೆ, ಇದೂ ಹಾಗೇ ಅಂದುಕೊಂಡಿದ್ದೆ. ಅರ್ಥ ಕೇಳಿರಲಿಲ್ಲ.

ನನ್ನ ಕೆಂಪು ಕಾರಿನ ಕಥೆ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಶಾಲೆ ಮೊರಬ ದಾಟಿ ಒಳಗಿನ ಹಳ್ಳಿಯಲ್ಲಿ. ಬೆಳಿಗ್ಗೆ ಒಂದು ಬಸ್ಸು, ಅದು ತಪ್ಪಿದರೆ ಮಧ್ಯಾಹ್ನ. ತಡವಾಗಿ ಹೋದದ್ದಕ್ಕೆ ಎರಡು ಸಲ ನೋಟಿಸು ಬಂದಿತ್ತು. ಮೂರನೆಯದು ಬಂದರೆ ಎಲ್ಲಿಗೆ ವರ್ಗವೋ, ಏನು ಗತಿಯೋ. ನನ್ನ ಯಜಮಾನರ ನೌಕರಿ ಬೇರೆ ಜಿಲ್ಲೆಯಲ್ಲಿ, ವಾರಕ್ಕೊಮ್ಮೆ ಬರುವವರು. ಮೂವತ್ತೆಂಟನೆಯ ವಯಸ್ಸಿಗೆ ಡ್ರೈವಿಂಗ್ ಕಲಿತೆ, ಯಾರೋ ಓಡಿಸಿ ಬಿಟ್ಟ ಕಾರು ಕೊಂಡೆ. ಮನೆಯಲ್ಲಿ ಮಾವನವರಿಗೆ ಅದು ಸೇರಲಿಲ್ಲ. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಇಟ್ಟವರು ಅವರು, ಒಂದು ದಿನವೂ ಸ್ಟೇರಿಂಗ್ ಹಿಡಿದವರಲ್ಲ, ಆದರೆ ಗಾಡಿಯ ವಿಷಯದಲ್ಲಿ ಮಾತು ಮಾತ್ರ ಅವರದೇ ಕೊನೆಯದು. ಕಾರು ಅಂಗಳಕ್ಕೆ ಬಂದ ದಿನ ಎಲ್ಲರ ಎದುರಿಗೆ ಹೇಳಿದರು: "ನೋಡವಾ, ಒಂದ ಸಲ ಹೆಚ್ಚುಕಮ್ಮಿ ಆತಂದ್ರ ಚಾವಿ ನನ್ನ ಕಿಸೆದಾಗ. ಆಮ್ಯಾಲೆ ಕೇಳಬ್ಯಾಡ." ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಚಾವಿ ಹೋದರೆ ನನ್ನ ನೌಕರಿಯೂ ಅದರ ಹಿಂದೆಯೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಈ ಕರಾರಿನ ಸುದ್ದಿ ಕಾಕಾನಿಗೂ ತಿಳಿದಿತ್ತು. ನಾನೇ ಒಂದು ದಿನ ಸಿಟ್ಟಿನಲ್ಲಿ ಹೇಳಿದ್ದೆ. ಅಂದಿನಿಂದ ನನ್ನ ಕಾರು ಬಂದಾಗಲೆಲ್ಲ ಹೇಳದೆಯೇ ಗಾಲಿಯ ಗಾಳಿ, ಎಣ್ಣೆ ನೋಡಿ ಬಿಡುತ್ತಿದ್ದರು. "ನಿಮ್ಮ ಚಾವಿ ಕಾಯಾಕ ನಾನೂ ಒಬ್ಬ ಇದ್ದೀನಿ ತಗೋರಿ," ಎಂದು ನಕ್ಕಿದ್ದರು.

ಖಂಡೆಪೂಜೆಯ ದಿನ, ಎಂದರೆ ಆಯುಧಪೂಜೆಗೆ, ನಮ್ಮ ಕಡೆ ಯಾವ ಗಾಡಿಯೂ ಮೈಲಿಗೆಯಲ್ಲಿ ಇರಬಾರದು. ಆ ಸಲ ಬೆಳಗಿನಿಂದಲೇ ಕಾಕಾನ ಅಂಗಳದಲ್ಲಿ ಸಾಲು. ನನ್ನ ಪಾಳಿ ಬರುವುದರಲ್ಲಿ ಹತ್ತೂವರೆ. ಅತ್ತೆಯವರ ತವರು ಮೊರಬದ ಆಚೆ, ಹನ್ನೆರಡಕ್ಕೆ ಅಲ್ಲಿ ದೇವಿಗೆ ನೈವೇದ್ಯ ಮುಟ್ಟಬೇಕು ಎಂದು ಮಾವನವರ ಅಪ್ಪಣೆ. ಅದಕ್ಕೂ ಮೊದಲು ಮನೆಯಲ್ಲಿ ಕಾರಿನ ಪೂಜೆ ಆಗಬೇಕು. ಕಾಕಾ ತೊಳೆದರು, ಒರೆಸಿದರು, ಅರ್ಧ ನೆರಳಿಗೆ ನಿಲ್ಲಿಸಿದರು, ಕೈಯ ಹಿಂಭಾಗ ಇಟ್ಟು ನೋಡಿದರು. "ಕಾವೈತಿ. ಒಂದ ಚಾ ಕುಡೀರಿ," ಎಂದು ಮುಂದಿನ ಟ್ರ್ಯಾಕ್ಟರಿಗೆ ಹೋದರು.

ಮಾವನವರ ಫೋನು ಬಂತು. ಐದು ನಿಮಿಷ ಬಿಟ್ಟು ಮತ್ತೆ ಬಂತು. ಮೂರನೆಯ ಸಲ ಅವರು, "ಎಲ್ಲಿದ್ದೀ?" ಎನ್ನಲಿಲ್ಲ, "ದೇವಿ ಕಾಯಬೇಕೇನು?" ಎಂದರು. ನನ್ನ ತಲೆ ಬಿಸಿಯಾಯಿತು. ಎರಡು ಹೆಜ್ಜೆ ಇಟ್ಟು ಶೆಲ್ಫಿನಿಂದ ನೀಲಿ ಬಾಟಲಿ ತೆಗೆದೆ, ಬಲಗಡೆಯ ಮೊಳೆಯಿಂದ ಅರಿವೆ ತೆಗೆದೆ. ಮೇಣದ ನೀರು, ನೀರೇ ತಾನೆ? ಎರಡು ಪುಸ್ ಹೊಡೆಯುವಲ್ಲಿ ಹತ್ತು ಹೊಡೆದೆ. ಕಾರು ಮದುಮಗಳ ಹಾಗೆ ಮಿಂಚಿತು. ಅದು ಅಷ್ಟು ಮಿಂಚಿದ್ದಕ್ಕೇ ಗಾಲಿಗಳು ಮಂಕಾಗಿ ಕಂಡವು. ಮುಂದಿನ ಗಾಲಿಯ ಕಿಂಡಿಗಳ ಒಳಗೆ ಒಂದು ಉಕ್ಕಿನ ತಟ್ಟೆ ಕಾಣುತ್ತದೆ, ಅದರ ಮೇಲೆ ತೆಳ್ಳಗೆ ತುಕ್ಕು. ಅದೇ ಬ್ರೇಕಿನ ತಟ್ಟೆ, ಅದನ್ನು ಹಿಡಿದೇ ಗಾಡಿ ನಿಲ್ಲುವುದು. ಇಂದು ಇಷ್ಟು ಸ್ಪಷ್ಟವಾಗಿ ಬರೆಯುವ ನಾನು ಅಂದು ಕಿಂಡಿಯೊಳಗೆ ಬಾಟಲಿಯ ಮೂತಿ ಇಟ್ಟು ಎರಡೂ ಗಾಲಿಗೆ ಚೆನ್ನಾಗಿ ತೋಯಿಸಿದೆ. ಬೆರಳು ಹಾಕಿ ಅರಿವೆಯಿಂದ ತಿಕ್ಕಿದೆ ಕೂಡ. ಅರಿವೆಯನ್ನು ಕೈಗೆ ಸಿಕ್ಕ ಮೊಳೆಗೆ ಸಿಕ್ಕಿಸಿ, ಪಂಪಿನ ಸಪ್ಪಳದ ಮೇಲೆ "ಕಾಕಾ, ಹೊಂಟೆ!" ಎಂದು ಕೂಗಿದೆ. ಅವರು ತಿರುಗದೆ ಕೈ ಎತ್ತಿದರು.

ಮನೆಯಲ್ಲಿ ಪೂಜೆ ಆಯಿತು. ಗಾಲಿಗೆ ಲಿಂಬೆಹಣ್ಣು, ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ. ಅತ್ತೆಯವರು ಕಾರಿನ ಬಾಗಿಲಲ್ಲಿ ತಮ್ಮ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡರು. ಮಾವನವರು ಕೈ ಆಡಿಸಿ, "ಚಲೋ ಮಿಂಚೇತಿ," ಎಂದರು. ಆ ಕಾರಿನ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ನಾನು ಹಿಗ್ಗಿದೆ. ಓಣಿಯ ತಿರುವಿನಲ್ಲಿ ಬ್ರೇಕು ಸ್ವಲ್ಪ ಸಡಿಲ ಎನ್ನಿಸಿತು. ತೊಳೆದ ಗಾಡಿ, ನೀರು ಇರಬೇಕು, ಆರುತ್ತದೆ ಅಂದುಕೊಂಡೆ.

ಅದೇ ಹೊತ್ತಿಗೆ ಕಾಕಾ ಟ್ರ್ಯಾಕ್ಟರ್ ಮುಗಿಸಿ ಇನ್ನೊಂದು ಕಾರಿಗೆ ಒರೆಸುವ ಅರಿವೆ ಬೇಕೆಂದು ಎಡಗಡೆಯ ಮೊಳೆಗೆ ಕೈ ಹಾಕಿದರಂತೆ. ಕೈಗೆ ಬಂದದ್ದು ಹಚ್ಚುವ ಅರಿವೆ. ಅದರ ತುಂಬ ಕಪ್ಪು, ತುಕ್ಕಿನ ಕೆಂಪು. ಮೂಗಿಗೆ ಹಿಡಿದು ನೋಡಿದರಂತೆ. ಇದನ್ನೆಲ್ಲ ಅವರ ಮನೆಯವರು ನನಗೆ ಆಮೇಲೆ ಹೇಳಿದ್ದು. ನನ್ನ ಫೋನಿಗೆ ಮಾಡಿದರು. ಅದು ಪೂಜೆಯ ಹೊತ್ತಿಗೆ ಸದ್ದು ಅಡಗಿಸಿದ್ದು ಹಾಗೆಯೇ ಅತ್ತೆಯವರ ಚೀಲದಲ್ಲಿ, ತೆಂಗಿನಕಾಯಿಯ ಕೆಳಗೆ ಮಿಣಮಿಣ ಎನ್ನುತ್ತಿತ್ತು. ಕಾಕಾ ಪಂಪು ಬಂದ್ ಮಾಡಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಸೋಪಿನ ಡಬ್ಬಿಯನ್ನು ಹಳೆಯ ಸ್ಕೂಟರಿನ ಮುಂದೆ ಇಟ್ಟುಕೊಂಡು, ಅರ್ಧ ನೊರೆಯಲ್ಲಿದ್ದ ಗಾಡಿಗಳನ್ನೆಲ್ಲ ಹಾಗೇ ಬಿಟ್ಟು, ನಾನು ಅವಸರದಲ್ಲಿ ಹೇಳಿದ್ದ ಮೊರಬದ ಹಾದಿ ಹಿಡಿದರು.

ಮೊರಬದ ಹಾದಿಯಲ್ಲಿ ಒಂದು ಹಳ್ಳ. ಸೇತುವೆಗೆ ಇಳಿಜಾರು. ಪಕ್ಕದಲ್ಲಿ ಮಾವನವರು, ಹಿಂದೆ ಅತ್ತೆಯವರು. ಹಬ್ಬದ ದಿನ ರಸ್ತೆ ಖಾಲಿ, ನಾನು ಜೋರಾಗಿಯೇ ಹೊರಟಿದ್ದೆ. ಇಳಿಜಾರಿನ ನಡುವೆ ಬಂದಾಗ ಸೇತುವೆಯ ತುಂಬ ಕುರಿ. ಹಿಂಡಿನ ನಡುವೆ ಕುರಿ ಕಾಯುವವನು, ಹೆಗಲ ಮೇಲೆ ಒಂದು ಮರಿ ಹೊತ್ತು, ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ. ಬ್ರೇಕು ಒತ್ತಿದೆ.

ಗಾಡಿ ಕೇಳಲಿಲ್ಲ.

ಪೆಡಲು ಕಾಲ ಕೆಳಗೆ ಗಟ್ಟಿಯಾಗಿಯೇ ಇತ್ತು. ಪೂರ್ತಿ ಒತ್ತಿದೆ, ಎದ್ದು ನಿಂತಂತೆ ಒತ್ತಿದೆ. ಕಾರು ಎಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಲೇ ಇತ್ತು. ಅತ್ತೆಯವರು "ಎವ್ವಾ!" ಎಂದರು. ಹಾರ್ನು ಒತ್ತಿದೆ, ಕುರಿಯವನು ತಿರುಗಿ ನೋಡಿದ, ಅವನ ಬಾಯಿ ತೆರೆದದ್ದು ಕಂಡಿತು. ಕುರಿಗಳು ಕದಲಲಿಲ್ಲ. ಎಡಕ್ಕೆ ಹೊಲ. ಸ್ಟೇರಿಂಗ್ ಎಳೆದೆ. ಕಾರು ರಸ್ತೆಯಿಂದ ಇಳಿದು, ಕುಣಿದು, ಮೊನ್ನೆಯ ಮಳೆಗೆ ಹಸಿಯಾಗಿದ್ದ ಎರೆಮಣ್ಣಿನಲ್ಲಿ ಮುಂದಿನ ಗಾಲಿ ಹುಗಿದುಕೊಂಡು ನಿಂತಿತು. ನಾನು ಜೀವಮಾನವಿಡೀ ಬೈದ ಮಣ್ಣು ನಮ್ಮನ್ನು ಹಿಡಿದುಕೊಂಡಿತು.

ಯಾರಿಗೂ ಏನೂ ಆಗಿರಲಿಲ್ಲ. ಹೋಳಿಗೆಯ ಬುಟ್ಟಿ ಮಾತ್ರ ಮಗುಚಿತ್ತು. ಮಾವನವರು ಇಳಿದು, ಸುತ್ತ ಒಂದು ಸಲ ನಡೆದು ಬಂದು, ನನ್ನ ಕಿಟಕಿಯ ಹತ್ತಿರ ಕೈ ಚಾಚಿದರು. ಬೈಯಲಿಲ್ಲ. "ಚಾವಿ," ಎಂದರು.

ನಾನು ಚಾವಿ ತೆಗೆದೆ. ಗಾಲಿಯ ಕಿಂಡಿಯೊಳಗೆ ತೋಯಿಸಿದ್ದು ಅಷ್ಟು ಹೊತ್ತಿಗೆ ನೆನಪಾಗಿತ್ತು. 'ನಿಲ್ಲೂದು ನಿಲ್ಲಲಿ' ಎಂಬ ಮಾತು ಮೊದಲ ಸಲ ಕಿವಿಯೊಳಗೆ ಇಳಿದಿತ್ತು. ಆಗಲೇ ಸ್ಕೂಟರಿನ ಸಪ್ಪಳ. ಕಾಕಾ ಬರಿಗಾಲಲ್ಲಿ, ಒದ್ದೆ ಪ್ಯಾಂಟಿನಲ್ಲಿ ಹೊಲಕ್ಕೆ ಓಡಿ ಬಂದರು. ಮೊದಲು ಹಿಂದಿನ ಸೀಟಿನಲ್ಲಿ ಅತ್ತೆಯವರನ್ನು ನೋಡಿದರು, ಆಮೇಲೆ ಗಾಲಿಯನ್ನು, ಆಮೇಲೆ ಮಾವನವರ ಚಾಚಿದ ಕೈಯನ್ನು, ಕೊನೆಗೆ ನನ್ನನ್ನು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ.

"ತಪ್ಪ ನಂದ್ರಿ ಯಜಮಾನ್ರ," ಎಂದರು. "ಗದ್ದಲದಾಗ ಗಾಲಿಗೆ ಮೇಣದ ನೀರ ಹೊಡದ ಬಿಟ್ಟೆ. ಅದರಿಂದ ಬ್ರೇಕ್ ಹಿಡದಿಲ್ಲ. ಅಕ್ಕೋರು ಎಡಕ್ಕ ಎಳದ್ರಂತ ಉಳದೀರಿ. ಬ್ಯಾರೆ ಯಾರರ ಇದ್ದಿದ್ರ ಹಳ್ಳದಾಗ ಇರತಿದ್ರಿ."

ಮಾವನವರ ಸಿಟ್ಟು ತಿರುಗಿತು. ಹಬ್ಬಕ್ಕೆ ಹೊರಟಿದ್ದ ಒಂದು ಟೆಂಪೊ ನಿಂತಿತ್ತು, ಕುರಿಯವನು ನಿಂತಿದ್ದ, ಎಲ್ಲರ ಎದುರಿಗೆ ಅವರು ಕಾಕಾನನ್ನು ಬೈದರು. "ಹುಟ್ಟಿದಾಗಿಂದ ಇದ ಕಸಬ ಮಾಡತಿ, ಇಷ್ಟ ಗೊತ್ತಾಗೂದಿಲ್ಲಾ ನಿನಗ? ಹಬ್ಬದ ದಿನ ಮೂರ ಹೆಣಾ ಬೀಳತಿದ್ವಲ್ಲೋ!" ಕಾಕಾ ತಲೆ ತಗ್ಗಿಸಿ, "ಹೌದ್ರಿ, ತಪ್ಪಾತ್ರಿ," ಅಂದರು. ನಾನು "ಮಾವಾರ..." ಎಂದೆ. ಎಂದದ್ದು ನಿಜ. ಅವರು ತಿರುಗಿ, "ನೀ ಸುಮ್ನಿರವಾ, ನಿಂದೇನೈತಿ ಇದರಾಗ," ಎಂದರು. ನಾನು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ನನಗೆ ಸಮಾಧಾನವಾಯಿತು. ಅದನ್ನು ಬರೆಯಲು ಈಗಲೂ ನಾಚಿಕೆ.

ಟೆಂಪೊದವರು ಕಾರನ್ನು ಮೇಲಕ್ಕೆ ತಳ್ಳಿದರು. ಕಾಕಾ ರಸ್ತೆಯ ಮೇಲೆ ಮೊಣಕಾಲೂರಿ, ಹಳ್ಳದ ನೀರು ತಂದು, ಸೋಪು ಹಾಕಿ ಎರಡೂ ತಟ್ಟೆಗಳನ್ನು ತಿಕ್ಕಿ ತೊಳೆದರು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತು ನನ್ನಿಂದ ನಿಧಾನವಾಗಿ ಕಾರು ನಡೆಸಿ, ಹತ್ತು ಸಲ ಬ್ರೇಕು ಒತ್ತಿಸಿದರು. ಕಾರಿನಲ್ಲಿ ನಾವಿಬ್ಬರೇ. ಏನಾದರೂ ಹೇಳುತ್ತಾರೆ ಎಂದು ಕಾದೆ. "ಮಿಂಚೂದು ಮಿಂಚಲಿ ಅಕ್ಕೋರ," ಎಂದರು, ಉಳಿದರ್ಧ ಹೇಳಲಿಲ್ಲ.

ಊರಿನಲ್ಲಿ ಮಾತು ಹಬ್ಬುವುದಕ್ಕೆ ಗಾಲಿ ಬೇಡ, ಬ್ರೇಕಂತೂ ಇಲ್ಲವೇ ಇಲ್ಲ. ದೀಪಾವಳಿಯ ಹೊತ್ತಿಗೆ, 'ಅವರ ಕಡೆ ಮೇಣದ ನೀರು ಹೊಡೆಸಿದರೆ ಗಾಡಿ ನಿಲ್ಲುವುದಿಲ್ಲವಂತೆ' ಎಂಬುದು ಎಲ್ಲರ ಬಾಯಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಬೇರೊಬ್ಬರು ತೊಳೆಯಲು ಶುರುಮಾಡಿದ್ದರು, ಗಾಡಿಗಳು ಅತ್ತ ಹರಿದವು. ಹುಬ್ಬಳ್ಳಿಗೆ ಹೋಗುವಾಗಲೆಲ್ಲ ಆ ತಗಡಿನ ಕಡೆ ನೋಡುತ್ತಿದ್ದೆ. ಸಾಲು ಇದ್ದಲ್ಲಿ ಒಂದೆರಡು ಟ್ರ್ಯಾಕ್ಟರು, ಒಮ್ಮೊಮ್ಮೆ ಅವೂ ಇಲ್ಲ. ಕಾಕಾ ಮೊಳೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಕೂಡುವುದು ಅವರಿಗೂ ಬರುತ್ತಿರಲಿಲ್ಲ ಎಂದು ಆಗ ತಿಳಿಯಿತು.

ದಿನಾ ಶಾಲೆಯಲ್ಲಿ ಮಕ್ಕಳಿಗೆ, ಲೆಕ್ಕ ತಪ್ಪಿದರೆ ಅಡ್ಡಗೆರೆ ಎಳೆದು ಮತ್ತೆ ಮಾಡಿ, ಅಳಿಸಬೇಡಿ ಎಂದು ಹೇಳುವವಳು ನಾನು. ಹೇಳಿ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಪರೀಕ್ಷೆ ಮುಗಿಯಲಿ, ಗಂಡ ಊರಿಗೆ ಬಂದಾಗ ಹೇಳೋಣ, ಮಾವನವರ ಮನಸ್ಸು ಚೆನ್ನಾಗಿದ್ದಾಗ ಹೇಳೋಣ. ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಸಿಗುವುದಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಅವರ ಅಂಗಳಕ್ಕೆ ಹೋದೆ. "ಯಾಕ ಅಕ್ಕೋರ, ಈ ಕಡೆ ಹಾದೀನ ಮರತೀರಿ?" ಎಂದು ಎದ್ದರು, ಎಂದಿನಂತೆ. ನಾನು ನೇರ ಕೇಳಿದೆ: "ಯಾಕ ಹಂಗ ಅಂದ್ರಿ ಕಾಕಾ?"

ಅವರು ಬಾನೆಟ್ಟಿನ ಮೇಲೆ ಕೈಯ ಹಿಂಭಾಗ ಇಟ್ಟು ನಿಂತರು. "ನನ್ನ ಹೆಸರ ಕೆಟ್ರ ನಾಕ ಗಾಡಿ ಕಡಿಮಿ ಆಕ್ಕಾವ್ರಿ. ನಿಮ್ಮ ಚಾವಿ ಹೋದ್ರ ತಿರುಗಿ ಬರೂದಿಲ್ಲ. ನಿಮ್ಮ ಮಾವಾರು ಎಂಥಾವ್ರಂತ ನಾ ನೋಡೀನಲ್ರಿ."

"ನಾ ಮಾವಾರಿಗೆ ಹೇಳತೀನಿ."

"ಬ್ಯಾಡ್ರಿ!" ದನಿ ಏರಿತು. "ಹೇಳಿದ್ರ ನಾ ಸುಳ್ಳ ಹೇಳಿದಾಂವ ಆಕ್ಕೀನಿ. ಖಂಡೆಪೂಜಿ ದಿನ, ಹಿರ್ಯಾರ ಮುಂದ. ತಪ್ಪ ಮಾಡಿದಾಂವ ಅನ್ಸಿಕೊಂಡ್ರ ನಡೀತೈತಿ, ಸುಳ್ಳ ಹೇಳಿದಾಂವ ಅನ್ಸಿಕೊಳ್ಳೂದು ನನಗ ಬ್ಯಾಡ." ನಾನು ಹಿಂತಿರುಗಿದೆ. ಅವರೇ ಬೇಡ ಎಂದರಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಬಹಳ ಅನುಕೂಲದ ಮಾತಾಗಿತ್ತು.

ಹೀಗೆ ಹನ್ನೊಂದು ತಿಂಗಳು ಹೋಯಿತು. ಗಣಪತಿ ಹಬ್ಬ ಹತ್ತಿರ ಬಂದಿತ್ತು. ಶಾಲೆ ಬಿಟ್ಟು ಮನೆಗೆ ಬಂದರೆ ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. "ನಿಮ್ಮ ಮಾವನ್ನ ಕರಕೊಂಡ ಹೋದ್ರು. ಆ ಗಾಡಿ ತೊಳ್ಯಾಂವನ ಕಡೆ ಏನೋ ಗದ್ದಲಂತ." ನಾನು ಕಾರು ತಿರುಗಿಸಿದೆ.

ಅಂಗಳದ ತುಂಬ ಜನ. ಒಬ್ಬ ಜೀಪಿನವನು, ಮುಂದಿನ ಬಂಪರು ಮುರಿದ ತನ್ನ ಜೀಪಿನ ಪಕ್ಕ ನಿಂತು ಕೂಗುತ್ತಿದ್ದ. ಹಿಂದಿನ ದಿನ ಕಾಕಾನ ಹತ್ತಿರ ತೊಳೆಸಿದ್ದನಂತೆ, ಬೆಳಿಗ್ಗೆ ಬ್ರೇಕು ಹಿಡಿಯದೆ ಗೋಡೆಗೆ ಹೊಡೆದಿದ್ದ. "ಒಳಗ ನನ್ನ ಸಣ್ಣ ಮಗಳಿದ್ಲು! ಆಕಿಗೆ ಏನರ ಆಗಿದ್ರ? ಇವತ್ತ ಈ ತಗಡ ಕಿತ್ತ ಒಗೀತೀನಿ!" ಇಬ್ಬರು ಆಗಲೇ ಕಂಬಕ್ಕೆ ಕೈ ಹಾಕಿದ್ದರು. "ನಾ ನಿಮ್ಮ ಗಾಲಿ ಮುಟ್ಟಿಲ್ರಿ. ಗಾಲಿ ಬಿಚ್ಚಿ ನೋಡೂಣು," ಎಂದು ಕಾಕಾ ಹೇಳುತ್ತಲೇ ಇದ್ದರು, ಯಾರೂ ಕೇಳುತ್ತಿರಲಿಲ್ಲ. ಜೀಪಿನವನು ಮಾವನವರ ಕಡೆ ತಿರುಗಿದ. "ನೀವ ಹೇಳ್ರಿ ಯಜಮಾನ್ರ. ನಿಮ್ಮ ಗಾಡಿಗೂ ಹಿಂಗ ಮಾಡಿದ್ನೋ ಇಲ್ಲೋ?"

ಮಾವನವರು ಒಂದು ಹೆಜ್ಜೆ ಮುಂದೆ ಬಂದರು. "ಮಾಡಿದ್ದ. ಮಾಡೀನಂತ ನನ್ನ ಮುಂದ ಒಪ್ಪಿದ್ದ."

ಜನ ಮುಂದೆ ನುಗ್ಗಿತು. ಕಾಕಾ ಗೋಡೆಗೆ ಬೆನ್ನು ಹಚ್ಚಿದರು, ಎರಡು ಮೊಳೆಗಳ ನಡುವೆ. ಕಣ್ಣು ನನ್ನ ಮೇಲೆ ಬಿತ್ತು. ಅವರು ಬೇಡ ಎಂದು ತಲೆ ಅಲ್ಲಾಡಿಸಿದರು. ನನಗೆ ಮಾತ್ರ ಕಾಣುವಷ್ಟು.

"ಆವತ್ತ ಹೊಡದಾಕಿ ನಾನು," ಎಂದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ತರಗತಿಯಲ್ಲಿ ಕೂಗುವ ಹಾಗೆ ಮತ್ತೆ ಕೂಗಿದೆ. "ನಮ್ಮ ಗಾಲಿಗೆ ಮೇಣದ ನೀರ ಹೊಡದಾಕಿ ನಾನು! ಕಾಕಾ ಮುಟ್ಟಿಲ್ಲ. ನನ್ನ ಚಾವಿ ಉಳೀಲಿ ಅಂತ ತಪ್ಪ ತಮ್ಮ ಮ್ಯಾಲೆ ಹಾಕ್ಕೊಂಡ್ರು. ಈ ಮನಷ್ಯಾ ಯಾರ ಗಾಲಿಗೂ ಅದನ್ನ ಹೊಡದಿಲ್ಲ, ಹೊಡಿಯೂದೂ ಇಲ್ಲ. ಮೊದಲ ಗಾಲಿ ಬಿಚ್ಚಿ ನೋಡ್ರಿ."

ಕಾರಿನ ಚಾವಿಯನ್ನು ಮಾವನವರ ಕೈಯಲ್ಲಿಟ್ಟೆ. ಅವರು ನನ್ನನ್ನು ನೋಡಲಿಲ್ಲ, ಚಾವಿಯನ್ನೇ ನೋಡುತ್ತಿದ್ದರು.

ಕಂಬ ಹಿಡಿದಿದ್ದವರು ಕೈ ಬಿಟ್ಟರು. ಕಾಕಾ ಜೀಪಿನ ಗಾಲಿ ಬಿಚ್ಚಿದರು. ಬ್ರೇಕಿನ ತಟ್ಟೆ ಒಣಗಿ ಗೆರೆ ಬಿದ್ದಿತ್ತು. ಅದನ್ನು ಅಮುಕಿ ಹಿಡಿಯುವ ಪಟ್ಟಿ ಪೂರ್ತಿ ಸವೆದು ಬರೀ ಕಬ್ಬಿಣ ಉಳಿದಿತ್ತು. "ಮುಟ್ಟಿ ನೋಡ್ರಿ," ಎಂದು ಜೀಪಿನವನ ಬೆರಳು ಹಿಡಿದು ತಟ್ಟೆಗೆ ಮುಟ್ಟಿಸಿದರು. "ಇದರಾಗ ಎಲ್ಲೈತಿ ಮೇಣ? ಪಟ್ಟಿ ಹಾಕ್ಸಿ ಎಷ್ಟ ವರ್ಷ ಆತು?" ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ. ಮಗಳ ಹೆದರಿಕೆ ಅವನ ಮುಖದಲ್ಲಿ ಇನ್ನೂ ಇತ್ತು, ಪಾಪ. ಜನ ಒಬ್ಬೊಬ್ಬರಾಗಿ ಕರಗಿದರು.

ಉಳಿದವರು ನಾವು ಮೂವರು. ಕಾಕಾ ನನ್ನ ಮೇಲೆ ಕೆಂಡವಾಗಿದ್ದರು. "ಚಲೋ ಸುಳ್ಳಿತ್ತು. ಒಂದ ವರ್ಷ ಜ್ವಾಪಾನ ಮಾಡಿದ್ದೆ. ಹಾಳ ಮಾಡಿದ್ರಿ!" ನಾನು ಅಳುತ್ತಿದ್ದೆ, ಅದರ ನಡುವೆ ನಗುವೂ ಬಂತು. ಮಾವನವರು ಚಾವಿಯನ್ನು ಕಿಸೆಗೆ ಹಾಕಿಕೊಂಡು ಕಾರಿನ ಹತ್ತಿರ ಹೋಗಿ ನಿಂತರು. ಕಾಕಾ ಅವರ ಮುಂದೆ ಹೋಗಿ ಕೈ ಮುಗಿದರು. "ಯಜಮಾನ್ರ, ನಿಮ್ಮ ಮುಂದ ಸುಳ್ಳ ಹೇಳೀನಿ, ಅದಕ್ಕ ಬೈರಿ. ಆದ್ರ ಒಂದ ಮಾತು. ಚಾವಿ ಕಿಸೆದಾಗ ಇದ್ರ ಗಾಡಿ ಮನಿಗೆ ಹೋಗೂದಿಲ್ಲ."

ಮಾವನವರು ಕಿಸೆಗೆ ಕೈ ಹಾಕಿ, ನನ್ನ ಮುಖ ನೋಡದೆ ಚಾವಿ ಚಾಚಿದರು. "ಇವತ್ತಿನ ಮಟ್ಟಿಗೆ," ಎಂದರು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆಂದು ಬೇಗ ಎದ್ದು ಬಾಗಿಲು ದಾಟುವಾಗ ಕಟ್ಟೆಯ ಮೇಲಿಂದ ಮಾವನವರ ಕೈ ಬಂತು, ಕೈಯಲ್ಲಿ ಚಾವಿ. "ಇವತ್ತಿನ ಮಟ್ಟಿಗೆ." ಸಂಜೆ ಬಂದ ಕೂಡಲೇ ಚಾಚಿದ ಕೈಗೆ ಚಾವಿ ಹಿಂದೆ ಕೊಡಬೇಕು. ಮರುದಿನ ಮತ್ತೆ ಅದೇ. ನಾಲ್ಕು ವರ್ಷ ಹೀಗೇ ನಡೆಯಿತು. ಮಾವನವರ ಮಾತೂ ಉಳಿಯಿತು, ನನ್ನ ನೌಕರಿಯೂ ಉಳಿಯಿತು. ಈ ಪದ್ಧತಿ ಕೇಳಿ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅವರ ಅಂಗಳಕ್ಕೆ ಗಾಡಿಗಳು ತಿರುಗಿ ಬಂದವು, ಎಲ್ಲವೂ ಅಲ್ಲ. ಹೋದ ಹೆಸರು ಬಂದರೂ ಮೊದಲಿನಷ್ಟು ಬರುವುದಿಲ್ಲ. ಆ ಕೊರತೆ ನನ್ನಿಂದ ಆದದ್ದು, ಅದನ್ನು ತುಂಬುವ ಲೆಕ್ಕ ನನಗೆ ಬರುವುದಿಲ್ಲ. ಪ್ರತಿ ದಸರೆಗೆ ಬನ್ನಿ ಕೊಡಲು ಮೊದಲು ಅವರ ಬಳಿಗೇ ಹೋಗುತ್ತಿದ್ದೆ. "ಬಂಗಾರದಂಗ ಇರೂಣು ಅಕ್ಕೋರ," ಎಂದು ಎಲೆ ತೆಗೆದುಕೊಂಡು, "ಮಿಂಚೂದರಾಗ ಅಲ್ಲ ಮತ್ತ," ಎಂದು ಸೇರಿಸುತ್ತಿದ್ದರು.

ಕಳೆದ ಚಳಿಗಾಲ ಅವರು ಹೋದರು. ಬೆಳಗಿನ ಚಹಾ ಕುಡಿದು ಪಂಪು ಹಚ್ಚಲು ಎದ್ದವರು ಹಾಗೇ ಕುಸಿದರಂತೆ. ಸುದ್ದಿ ತಂದವರು ಮಾವನವರು. ನಾನು ಶಾಲೆಗೆ ಹೊರಟು ನಿಂತಿದ್ದೆ. ಅವರು ಚಾವಿ ಕೊಟ್ಟರು, 'ಇವತ್ತಿನ ಮಟ್ಟಿಗೆ' ಎನ್ನಲಿಲ್ಲ. ತಾವೇ ಬಂದು ಪಕ್ಕದ ಸೀಟಿನಲ್ಲಿ ಕೂತು, "ನಡಿ. ಅವನ್ನ ನೋಡಿ ಬರೂಣು," ಎಂದರು. ಆ ಮನೆಯ ಅಂಗಳದಲ್ಲಿ ನೆರೆದವರ ಎದುರಿಗೆ, ಹೊಲದಲ್ಲಿ ಬೈದಷ್ಟೇ ಜೋರಾಗಿ ಹೇಳಿದರು: "ನಮ್ಮನಿ ಗಾಡಿ ಇವತ್ತಿಗೂ ನಡದೈತಿ ಅಂದ್ರ ಈ ಮನಷ್ಯಾನ ಸಲುವಾಗಿ." ಒಳಗೆ ಅವರ ಮನೆಯವರು ಅರ್ಧ ನೇಯ್ದ ಜಮಖಾನೆಯ ಮುಂದೆ ಕೂತಿದ್ದರು. ನನ್ನ ಕೈ ಹಿಡಿದುಕೊಂಡರು.

ಆ ಸಂಜೆ ಮನೆಗೆ ಬಂದು ಎಂದಿನಂತೆ ಚಾವಿ ಹಿಡಿದು ಕಟ್ಟೆಯ ಹತ್ತಿರ ನಿಂತೆ. ಮಾವನವರು ಕೈ ಚಾಚಲಿಲ್ಲ. ಒಳಗೆ ಹೋದರು. ಅಂದಿನಿಂದ ಚಾವಿ ನನ್ನ ಬಳಿಯೇ ಇದೆ.

ಈ ಸಲದ ಖಂಡೆಪೂಜೆಗೆ ಕಾರನ್ನು ನಾನೇ ತೊಳೆದೆ, ಮನೆಯ ಮುಂದಿನ ಬೇವಿನ ಮರದ ಕೆಳಗೆ. ಗಾಲಿಯ ಮಣ್ಣನ್ನು ನೆನೆಯಲು ಬಿಟ್ಟೆ, ಕೆರೆಯಲಿಲ್ಲ. ಗೇಟಿನ ಕಂಬಕ್ಕೆ ಎರಡು ಮೊಳೆ ಹೊಡೆದು ಎರಡು ಅರಿವೆ ಹಾಕಿದ್ದೆ. ನೀಲಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಎಡಗೈಯ ಹಿಂಭಾಗವನ್ನು ಬಾನೆಟ್ಟಿನ ಮೇಲಿಟ್ಟೆ. ಹೊಸ ಅಂಗಿ ತೊಟ್ಟು, ಊರುಗೋಲು ಹಿಡಿದು ಮಾವನವರು ಹೊರಗೆ ಬಂದು ಅವಸರ ಮಾಡಿದರು. "ಇನ್ನೂ ಎಷ್ಟೊತ್ತವಾ? ಅಲ್ಲಿ ದೇವಿ ಕಾಯಾಕ್ಹತ್ಯಾಳ."

"ಇನ್ನೂ ಕಾವೈತ್ರಿ ಮಾವಾರ," ಎಂದೆ. "ಕೂಡ್ರಿ."

ಅವರು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೂತರು.